ಹಾರ್ಮೋನ್ ತೊಂದರೆಗೆ ಪ್ರಕೃತಿ ಚಿಕಿತ್ಸೆ: ಹತ್ತು ದಿನದ ವಸತಿಯೋ, ಊರಿನ ವೈದ್ಯರೋ, ಮನೆಯ ಅಡುಗೆಮನೆಯೋ?

ಮುಟ್ಟು ತಪ್ಪಿದ ಕಾಲೇಜು ಹುಡುಗಿ, ಕೂದಲು ಉದುರುತ್ತಿರುವ ಬಾಣಂತಿ, ರಾತ್ರಿ ಬೆವರಿ ಎದ್ದು ಕೂರುವ ಐವತ್ತರ ಹೆಂಗಸು, ಈ ಮೂವರಿಗೂ ಈಗ ಸಿಗುವ ಸಲಹೆ ಒಂದೇ: ‘ಹಾರ್ಮೋನ್ ಏರುಪೇರಾಗಿದೆ, ಪ್ರಕೃತಿ ಚಿಕಿತ್ಸೆ ಮಾಡಿಸಿ.’ ಯಾವ ಹಾರ್ಮೋನ್, ಎಷ್ಟಿರಬೇಕಿತ್ತು, ಈಗ ಎಷ್ಟಿದೆ ಎಂದು ಮರುಪ್ರಶ್ನೆ ಹಾಕಿದರೆ ಸಲಹೆ ಕೊಟ್ಟವರು ಮಾತು ಬದಲಿಸುತ್ತಾರೆ. ದೇಹದಲ್ಲಿ ಹತ್ತಾರು ಹಾರ್ಮೋನುಗಳಿವೆ. ‘ಹಾರ್ಮೋನ್ ಏರುಪೇರು’ ಎಂಬುದು ಕಾಯಿಲೆಯ ಹೆಸರಲ್ಲ, ಜ್ವರ ಎಂದಷ್ಟೇ ಅಸ್ಪಷ್ಟವಾದ ಮಾತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಔಷಧವಿಲ್ಲದ ದಾರಿ ಹುಡುಕುವ ಹೆಂಗಸಿನ ಮುಂದೆ ಆಯ್ಕೆಗಳು ಹಲವಿವೆ. ಜಿಲ್ಲೆಯ ಹೊರಗಿನ ದೊಡ್ಡ ಪ್ರಕೃತಿ ಚಿಕಿತ್ಸಾಲಯದಲ್ಲಿ ಹತ್ತು ದಿನ ಉಳಿಯಬಹುದು. ಹತ್ತಿರದ ಪೇಟೆಯಲ್ಲಿ ಪದವಿ ಪಡೆದ ಪ್ರಕೃತಿ ಚಿಕಿತ್ಸಕರನ್ನು ಕಂಡು ಬರಬಹುದು. ಗೋಕರ್ಣದ ಕಡಲತೀರದ ‘ಡಿಟಾಕ್ಸ್’ ಶಿಬಿರಕ್ಕೆ ಸೇರಬಹುದು. ಮೊಬೈಲಿನಲ್ಲಿ ಪುಡಿ, ಮಾತ್ರೆ ತರಿಸಬಹುದು. ಮನೆಯಲ್ಲೇ ಊಟ, ನಿದ್ದೆ, ನಡಿಗೆಯನ್ನು ತಿದ್ದಿಕೊಳ್ಳಬಹುದು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ತ್ರೀರೋಗ ತಜ್ಞರಿಂದ ಕಾಯಿಲೆಯ ಹೆಸರು ತಿಳಿದುಕೊಂಡು, ಹತ್ತಿರದ ಪ್ರಕೃತಿ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಬದಲಾವಣೆ ಹೆಚ್ಚಿನವರಿಗೆ ಸಾಕು. ವಸತಿ ಚಿಕಿತ್ಸೆ ಕೆಲವರಿಗೆ ಒಳ್ಳೆಯ ಆರಂಭ. ಪುಡಿ ಯಾರಿಗೂ ಬೇಡ.

ಮೊದಲು ಕಾಯಿಲೆಗೊಂದು ಹೆಸರು

ಮುಟ್ಟು ಏರುಪೇರಾಗಲು ಕಾರಣಗಳು ಒಂದೆರಡಲ್ಲ. ಥೈರಾಯ್ಡ್ ಕುಂದಿರಬಹುದು, ಎದೆಹಾಲು ತರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಿರಬಹುದು, ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರಬಹುದು, ಗರ್ಭಕೋಶದಲ್ಲಿ ಗಡ್ಡೆ ಇರಬಹುದು, ಊಟ ಸಾಲದೆ ದೇಹ ಮುಟ್ಟನ್ನೇ ನಿಲ್ಲಿಸಿರಬಹುದು, ಗರ್ಭವೇ ನಿಂತಿರಬಹುದು. ತೂಕ ಹೆಚ್ಚಿರುವ ಪಿಸಿಒಎಸ್‌ನವಳಿಗೆ ಊಟ ಹಿಡಿತದಲ್ಲಿಟ್ಟರೆ ಒಳ್ಳೆಯದಾಗುತ್ತದೆ. ಊಟ ಸಾಲದೆ ಮುಟ್ಟು ನಿಂತವಳಿಗೆ ಅದೇ ಪಥ್ಯ ಕೊಟ್ಟರೆ ಮೂಳೆ ಸವೆಯುತ್ತದೆ. ಇಬ್ಬರ ದೂರೂ ಒಂದೇ, ಚಿಕಿತ್ಸೆ ತದ್ವಿರುದ್ಧ. ಪರೀಕ್ಷೆ ಇಲ್ಲದೆ ಪಥ್ಯ ಶುರು ಮಾಡಬಾರದು ಎನ್ನುವುದು ಇದಕ್ಕೇ.

ಪರೀಕ್ಷೆಗಳು ದೊಡ್ಡವೇನಲ್ಲ. ಗರ್ಭದ ಪರೀಕ್ಷೆ, ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಯಲು ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಸಕ್ಕರೆ, ಅಗತ್ಯವಿದ್ದರೆ ಸ್ಕ್ಯಾನಿಂಗ್. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಿದ್ದರೆ ಅಲ್ಲಿಂದಲೇ ಆರಂಭಿಸಬಹುದು. ಕಾರವಾರದ ಕಡೆಯವರಿಗೆ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡುವುದು ಆಮೇಲಿನ ಮಾತು.

ಪಿಸಿಒಎಸ್ ಎನ್ನಲು 2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ತಜ್ಞರು ಒಪ್ಪಿಕೊಂಡ ಅಳತೆಗೋಲೇ ಈಗಲೂ ತಳಹದಿ. ಅಂಡೋತ್ಪತ್ತಿಯ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಗಳು, ಈ ಮೂರರಲ್ಲಿ ಎರಡಾದರೂ ಇರಬೇಕು. ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಾತ್ರಿಯಾಗಿರಬೇಕು. ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನಿಂಗ್ ನೋಡಿ ಪಿಸಿಒಎಸ್ ಎನ್ನಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಆ ವಯಸ್ಸಿನಲ್ಲಿ ಅಂಡಾಶಯ ಹಾಗೆ ಕಾಣುವುದು ಸಹಜ. ಹದಿನಾರರ ಹುಡುಗಿಯ ಸ್ಕ್ಯಾನಿಂಗ್ ವರದಿ ಹಿಡಿದು ಮದುವೆ, ಮಕ್ಕಳ ಚಿಂತೆಯಲ್ಲಿ ಮುಳುಗಿರುವ ತಾಯಂದಿರು ಇದನ್ನು ಎರಡು ಸಲ ಓದಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ವರದಿಯನ್ನೇ ತಲೆಕೆಳಗು ಮಾಡುವಂಥದ್ದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಥೈರಾಯ್ಡ್ ಪರೀಕ್ಷೆ ತಪ್ಪು ಅಂಕಿ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಿ, ವೈದ್ಯರಿಗೂ ತಿಳಿಸಿ.

ಕೆಲವು ಲಕ್ಷಣಗಳಿದ್ದರೆ ಈ ಹೋಲಿಕೆಯನ್ನೆಲ್ಲ ಬದಿಗಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಗಂಟೆಗೊಂದು ಪ್ಯಾಡ್ ಒದ್ದೆಯಾಗುವ ರಕ್ತಸ್ರಾವ, ಮುಟ್ಟು ನಿಂತು ವರ್ಷವಾದ ಮೇಲೆ ಕಾಣಿಸಿದ ಒಂದು ಹನಿ ರಕ್ತ, ಸಂಭೋಗದ ನಂತರದ ರಕ್ತ, ಸ್ತನದಲ್ಲಿ ಗಂಟು, ದಿಢೀರನೆ ಬಂದ ತೀವ್ರ ಹೊಟ್ಟೆನೋವು. ಇವುಗಳಿಗೆ ಮಣ್ಣಿನ ಪಟ್ಟಿ ಕಟ್ಟಿಕೊಂಡು ಕಾಯುವುದು ಅಪಾಯ.

ಯಾರು ಪ್ರಕೃತಿ ಚಿಕಿತ್ಸಕರು, ಯಾರು ಅಲ್ಲ

ನಮ್ಮಲ್ಲಿ ಪಂಚಕರ್ಮ, ನಾಟಿ ಔಷಧ, ಯೋಗ ಶಿಬಿರ, ತೈಲ ಮರ್ದನ ಎಲ್ಲವನ್ನೂ ಒಟ್ಟಿಗೆ ‘ಪ್ರಕೃತಿ ಚಿಕಿತ್ಸೆ’ ಎಂದು ಕರೆಯುವ ರೂಢಿ ಬಿದ್ದಿದೆ. ಹಾಗಲ್ಲ. ಪ್ರಕೃತಿ ಚಿಕಿತ್ಸೆ ಮೂಲತಃ ಔಷಧವಿಲ್ಲದ ಪದ್ಧತಿ: ನೀರು, ಮಣ್ಣು, ಬಿಸಿಲು, ಉಪವಾಸ, ಆಹಾರ, ಮರ್ದನ. ಜರ್ಮನಿಯ ಲೂಯಿ ಕೂನೆ ಕಟಿಸ್ನಾನವನ್ನು, ಅಂದರೆ ಸೊಂಟ ಮಾತ್ರ ನೀರಿನಲ್ಲಿಟ್ಟು ಕೂರುವುದನ್ನು, ಪ್ರಚಾರಕ್ಕೆ ತಂದವರು. ಗಾಂಧೀಜಿ ಅದನ್ನು ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗಿಸಿ, 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮ ಆರಂಭಿಸಿದರು. ಕಷಾಯ, ಲೇಹ್ಯ, ಅರಿಷ್ಟಗಳು ಆಯುರ್ವೇದದವು, ಅವನ್ನು ಕೊಡಬೇಕಾದವರು ಬಿಎಎಂಎಸ್ ಓದಿದವರು. ಪ್ರಕೃತಿ ಚಿಕಿತ್ಸಕರ ಪದವಿ ಬಿಎನ್‌ವೈಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮಗೆ ಹತ್ತಿರದ ಹಳೆಯ ಕಾಲೇಜು ಉಜಿರೆಯದು, 1989ರಿಂದ ನಡೆಯುತ್ತಿದೆ. ರಾಜ್ಯದಲ್ಲಿ ಇವರ ನೋಂದಣಿಗೆ ಕಾಯ್ದೆಯೂ ಇದೆ, ಮಂಡಳಿಯೂ ಇದೆ.

ಹಾಗಾಗಿ ಬೋರ್ಡಿನಲ್ಲಿ ‘ನ್ಯಾಚುರೋಪಥಿ’ ಎಂದು ಕಂಡ ಕೂಡಲೇ ಒಳಗೆ ಹೋಗುವ ಬದಲು ಪದವಿ ಯಾವುದು, ನೋಂದಣಿ ಸಂಖ್ಯೆ ಏನು ಎಂದು ಕೇಳಿ. ಕೇಳುವುದು ಅವಮಾನವಲ್ಲ. ಆರು ತಿಂಗಳ ಅಂಚೆ ಕೋರ್ಸ್ ಮಾಡಿ ಡಾಕ್ಟರ್ ಎಂದು ಹಾಕಿಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ. ಪ್ರಕೃತಿ ಚಿಕಿತ್ಸೆ ಎನ್ನುತ್ತಲೇ ಮೇಜಿನ ಕೆಳಗಿನಿಂದ ಹೆಸರಿಲ್ಲದ ಪುಡಿಯ ಪೊಟ್ಟಣ ತೆಗೆಯುವವರ ಬಳಿಯಿಂದ ಎದ್ದು ಬನ್ನಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಪಾದರಸ, ಸೀಸ ಪತ್ತೆಯಾದ ಪ್ರಕರಣಗಳು ಹಲವಿವೆ.

ಹತ್ತು ದಿನದ ವಸತಿ

ಧರ್ಮಸ್ಥಳದ ಶಾಂತಿವನ, ಉಡುಪಿ ಬಳಿಯ ಪರೀಕ, ಬೆಂಗಳೂರಿನ ಜಿಂದಾಲ್, ನಮ್ಮ ಕಡೆಯವರು ಸಾಮಾನ್ಯವಾಗಿ ಕೇಳಿ ಬಲ್ಲ ಹೆಸರುಗಳು. ಹತ್ತು ದಿನಕ್ಕೆ ಇಷ್ಟು ಎಂದು ಕಟ್ಟಿದರೆ ಕೋಣೆ, ಊಟ, ಚಿಕಿತ್ಸೆ ಎಲ್ಲ ಸೇರಿರುತ್ತದೆ. ಸಾಮಾನ್ಯ ವಾರ್ಡಿಗೂ ಪ್ರತ್ಯೇಕ ಕುಟೀರಕ್ಕೂ ದರದಲ್ಲಿ ಬಹಳ ಅಂತರ, ಚಿಕಿತ್ಸೆ ಹೆಚ್ಚುಕಡಿಮೆ ಒಂದೇ. ಹಣ ಉಳಿಸಬೇಕಾದವರು ವಾರ್ಡನ್ನೇ ಆರಿಸಬಹುದು.

ಒಳಗಿನ ದಿನ ಹೇಗಿರುತ್ತದೆಂದು ನನ್ನ ನಾದಿನಿ ಬರೆದಿಟ್ಟುಕೊಂಡು ಬಂದಿದ್ದಳು. ಬೆಳಗ್ಗೆ ಐದೂವರೆಗೆ ಎಬ್ಬಿಸಿ ಜಲನೇತಿ, ಆಸನ, ಪ್ರಾಣಾಯಾಮ. ಬೂದುಗುಂಬಳದ ರಸ ಒಂದು ಲೋಟ. ಕಣ್ಣಿಗೆ, ಹೊಟ್ಟೆಗೆ ಮಣ್ಣಿನ ಪಟ್ಟಿ ಅರ್ಧ ಗಂಟೆ. ಆಮೇಲೆ ಒಂದು ದಿನ ಮರ್ದನ ಮತ್ತು ಹಬೆ, ಇನ್ನೊಂದು ದಿನ ಕಟಿಸ್ನಾನ: ಕುರ್ಚಿಯಾಕಾರದ ತೊಟ್ಟಿಯಲ್ಲಿ ಸೊಂಟದಿಂದ ತೊಡೆಯವರೆಗೆ ಮಾತ್ರ ನೀರಿರುವಂತೆ, ಕಾಲು ಹೊರಗಿಟ್ಟು, ಹದಿನೈದು ಇಪ್ಪತ್ತು ನಿಮಿಷ ಕೂರುವುದು. ಹನ್ನೊಂದಕ್ಕೆ ಉಪ್ಪಿಲ್ಲದ ಬೇಯಿಸಿದ ತರಕಾರಿ, ಎರಡು ಚಪಾತಿ, ಮಜ್ಜಿಗೆ. ಸಂಜೆ ಪಪ್ಪಾಯ. ಎಂಟೂವರೆಗೆ ದೀಪ ಆರುತ್ತದೆ. ಮೊಬೈಲ್ ದಿನಕ್ಕೊಂದು ಗಂಟೆ ಮಾತ್ರ.

ಮೂರು ಕಿಲೋ ಇಳಿದು, ಮುಖ ತಿಳಿಯಾಗಿ ಬಂದಳು. ಬಂದದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಬೆಳಗ್ಗೆ ಐದಕ್ಕೆ ಎದ್ದು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೂ ಆಳುಗಳಿಗೂ ತಿಂಡಿ ಬೇಯಿಸಬೇಕು, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವವರ ಜೊತೆ ಕೂರಬೇಕು. ಮುಂದಿನ ತಿಂಗಳಿಗೆ ಮೂರರಲ್ಲಿ ಎರಡು ಕಿಲೋ ವಾಪಸಾಯಿತು. ‘ಅತ್ತಿಗೆ, ಅಲ್ಲಿ ನನಗೆ ಬೇಯಿಸಿ ಬಡಿಸುವವರಿದ್ದರು’ ಎಂದಳು. ಆ ಚಿಕಿತ್ಸೆಯ ಅರ್ಧ ಗುಟ್ಟು ಆ ಮಾತಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಮನೆಗೆಲಸದಿಂದ ಬಿಡುವು, ಹೊತ್ತಿಗೆ ಸರಿಯಾಗಿ ನಿದ್ದೆ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಹತ್ತು ದಿನ, ಇವನ್ನು ಯಾವ ಹೆಂಗಸಿಗೆ ಕೊಟ್ಟರೂ ಅವಳ ರಕ್ತದೊತ್ತಡ ಇಳಿಯುತ್ತದೆ.

ಹಾಗೆಂದು ಅದು ವ್ಯರ್ಥವಲ್ಲ. ಸಿಹಿ, ಕರಿದ ತಿಂಡಿ, ತಡರಾತ್ರಿಯ ಊಟದಿಂದ ಹೊರಬರಲು ಒಂದು ಗಟ್ಟಿ ತಿರುವು ಬೇಕೆನ್ನುವವರಿಗೆ, ಮೇಲ್ವಿಚಾರಣೆ ಇಲ್ಲದೆ ಶಿಸ್ತು ಹಿಡಿಯಲಾರೆ ಎನ್ನುವವರಿಗೆ ಇದು ಒಳ್ಳೆಯ ಆರಂಭ. ಆದರೆ ಮೊದಲ ಕೆಲವು ದಿನಗಳಲ್ಲಿ ಇಳಿಯುವ ತೂಕದ ದೊಡ್ಡ ಪಾಲು ನೀರು. ಕಟಿಸ್ನಾನದಿಂದ ಹಾಯೆನಿಸುತ್ತದೆ, ಅದು ನಿಜ. ಹಾರ್ಮೋನಿನ ಪ್ರಮಾಣ ಬದಲಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಎನಿಮಾದಿಂದ ‘ವಿಷ’ ಹೊರಹೋಗಿ ಅಂಡಾಶಯ ಶುದ್ಧವಾಗುತ್ತದೆ ಎಂಬ ಮಾತಿಗೆ ಶರೀರಶಾಸ್ತ್ರದಲ್ಲಿ ಆಧಾರವೇ ಇಲ್ಲ. ಬಳಸಿ ಮುಗಿದ ಹಾರ್ಮೋನುಗಳನ್ನು ಹೊರಹಾಕುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಪ್ರತಿದಿನ ಮಾಡುತ್ತಲೇ ಇರುತ್ತವೆ.

ಗರ್ಭಿಣಿಯರು, ಹಾಲೂಡಿಸುವವರು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಮೊದಲೇ ಸೊರಗಿದವರು ಉಪವಾಸದ ಚಿಕಿತ್ಸೆಗೆ ಹೋಗಬಾರದು. ಹೋಗಲೇಬೇಕಿದ್ದರೆ ತಮ್ಮ ವೈದ್ಯರ ಒಪ್ಪಿಗೆ ಪಡೆದು, ಮಾತ್ರೆಗಳ ಪಟ್ಟಿ ಹಿಡಿದು ಹೋಗಬೇಕು. ಸೇರಿಸಿಕೊಳ್ಳುವಾಗ ಈ ಪಟ್ಟಿ ಕೇಳದ ಕೇಂದ್ರಕ್ಕೆ ಮುಂಗಡ ಹಣ ಕಟ್ಟಬೇಡಿ.

ಗೋಕರ್ಣದ ಶಿಬಿರಗಳು

ಬೇಗ ಮುಗಿಸುತ್ತೇನೆ. ಕಡಲತೀರದಲ್ಲಿ ಬೆಳಗಿನ ಯೋಗ, ಎಳನೀರು, ಹಣ್ಣಿನ ಬಟ್ಟಲು, ಸಂಜೆ ಸೂರ್ಯಾಸ್ತ. ರಜೆಯಾಗಿ ಚೆನ್ನಾಗಿದೆ. ‘ಸ್ತ್ರೀ ಹಾರ್ಮೋನ್ ಡಿಟಾಕ್ಸ್’ ಎಂಬ ಹೆಸರಿಟ್ಟು ಅದಕ್ಕೆ ಎರಡು ಪಟ್ಟು ದರ ಹಾಕಿದಾಗ ಆ ಹೆಚ್ಚಿನ ದುಡ್ಡು ಯಾವುದಕ್ಕೆ ಎಂದು ಕೇಳಬೇಕು. ಅಲ್ಲಿ ನೋಂದಾಯಿತ ವೈದ್ಯರಿದ್ದಾರೆಯೇ, ರಕ್ತ ಪರೀಕ್ಷೆ ನೋಡುತ್ತಾರೆಯೇ, ಮೂರು ತಿಂಗಳ ಮೇಲೆ ಫೋನ್ ಮಾಡಿದರೆ ಮಾತಾಡುವವರಿದ್ದಾರೆಯೇ? ಇಲ್ಲದಿದ್ದರೆ ಅದು ಪ್ರವಾಸ. ಕುಮಟೆಯವರಿಗೂ ಅಂಕೋಲೆಯವರಿಗೂ ಕಡಲು ಬಿಟ್ಟಿಯಾಗಿಯೇ ಸಿಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದು

ಇಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ. ಪಥ್ಯದ ಪುಸ್ತಕಗಳು ಹೇಳುವ ಬಹಳಷ್ಟು ಪದಾರ್ಥ ನಮ್ಮ ಹಿತ್ತಿಲಲ್ಲೇ ಇದೆ. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಹುರುಳಿ ಸಾರು, ಎಳ್ಳಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಕರಾವಳಿಯಲ್ಲಿ ಬಂಗಡೆ, ತಾರ್ಲೆ: ಒಮೆಗಾ-3 ಕೊಬ್ಬು, ಪ್ರೋಟೀನು ಎರಡೂ ಅಗ್ಗದಲ್ಲಿ. ಕರಿದದ್ದಕ್ಕಿಂತ ಸಾರು ಒಳ್ಳೆಯದು ಎಂಬುದನ್ನು ಬಿಟ್ಟರೆ ಅದಕ್ಕೆ ಸೇರಿಸಬೇಕಾದ್ದು ಏನೂ ಇಲ್ಲ.

ಅನನುಕೂಲವೂ ಇದೆ, ಅದು ಅನ್ನದ ರಾಶಿ. ಘಟ್ಟದ ಮೇಲಿನ ಶಾಕಾಹಾರಿ ಮನೆಗಳಲ್ಲಿ ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುವೆ ಬೆಲ್ಲ ಹಾಕಿದ ಕಷಾಯ ಎರಡು ಮೂರು ಸಲ. ಕಷಾಯ ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿಯುವಾಗ ಅದರಲ್ಲಿರುವ ಬೆಲ್ಲವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಪಿಸಿಒಎಸ್ ಇರುವವರು ಅನ್ನ ಬಿಡಬೇಕಾಗಿಲ್ಲ. ತಟ್ಟೆಯಲ್ಲಿ ಅರ್ಧ ಪಲ್ಯ ಮತ್ತು ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಮೊಸರು, ಉಳಿದ ಕಾಲು ಭಾಗ ಅನ್ನ ಎಂದು ಬಡಿಸಿಕೊಂಡರೆ ಸಾಕು. ಇಂಥದೇ ಆಹಾರ ಪದ್ಧತಿ ಶ್ರೇಷ್ಠ ಎಂದು 2023ರ ಮಾರ್ಗಸೂಚಿಯೂ ಹೇಳಿಲ್ಲ. ಪಾಲಿಸಲಾಗುವ ಪದ್ಧತಿ ಯಾವುದಾದರೂ ಆದೀತು.

ರಕ್ತಹೀನತೆಯನ್ನು ಮರೆತು ಹಾರ್ಮೋನ್ ಹಿಂದೆ ಬೀಳುವುದೂ ನಮ್ಮಲ್ಲಿ ಸಾಮಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಸುಸ್ತು, ಕೂದಲು ಉದುರುವುದು, ಎದೆ ಹೊಡೆದುಕೊಳ್ಳುವುದು, ಸಿಡುಕು, ಇವೆಲ್ಲ ಹಿಮೋಗ್ಲೋಬಿನ್ ಇಳಿದಾಗಲೂ ಬರುತ್ತವೆ. ಊಟವಾದ ಕೂಡಲೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಒಂದು ಗಂಟೆ ಬಿಡಿ. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಅದಕ್ಕೆ ಸಹಾಯ. ಹಿಮೋಗ್ಲೋಬಿನ್ ಬಹಳ ಇಳಿದಿದ್ದರೆ ಬೀಟ್‌ರೂಟ್ ರಸದಿಂದ ಏರುವುದಿಲ್ಲ, ಕಬ್ಬಿಣದ ಮಾತ್ರೆಯೇ ಬೇಕು.

ಉಪ್ಪಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲಿಗೆ ಒಣಗಿಸಿ ತೆಗೆಯುವ ಹರಳುಪ್ಪು ನಮ್ಮ ಹೆಮ್ಮೆ. ಮಿಡಿ ಉಪ್ಪಿನಕಾಯಿಗೆ ಅದಿಲ್ಲದೆ ಆಗುವುದಿಲ್ಲ ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ‘ನೈಸರ್ಗಿಕ’ ಎಂಬ ಕಾರಣಕ್ಕೆ ದಿನದ ಅಡುಗೆಗೂ ಅಯೋಡಿನ್ ಬೆರೆಸದ ಹರಳುಪ್ಪನ್ನೇ ಬಳಸಿ ಎಂಬ ಸಲಹೆ ಸರಿಯಲ್ಲ. ಕಡಲ ಉಪ್ಪಿನಲ್ಲಿ ಅಯೋಡಿನ್ ತುಂಬಿರುತ್ತದೆ ಎಂಬುದು ತಪ್ಪು ತಿಳಿವಳಿಕೆ; ಸಹಜವಾಗಿ ಇರುವುದು ತೀರ ಅಲ್ಪ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಮೀನು ತಿನ್ನುವವರಿಗೆ ಒಂದಿಷ್ಟು ಸಿಗುತ್ತದೆ, ಘಟ್ಟದ ಮೇಲಿನ ಶಾಕಾಹಾರಿಗೆ ಮುಖ್ಯ ಮೂಲ ಅಯೋಡಿನ್ ಬೆರೆಸಿದ ಉಪ್ಪೇ. ಇದಕ್ಕೆ ಪರಿಹಾರವೆಂದು ಕಡಲಪಾಚಿಯ ಮಾತ್ರೆ ನುಂಗುವುದು ಇನ್ನೊಂದು ಅತಿರೇಕ. ಅಯೋಡಿನ್ ವಿಪರೀತವಾದರೂ ಥೈರಾಯ್ಡ್ ಕೆಡುತ್ತದೆ.

ವ್ಯಾಯಾಮಕ್ಕೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಎಂಬುದು ಸಾಮಾನ್ಯ ಲೆಕ್ಕ. ಇದನ್ನು ಎಲ್ಲರಿಗೂ ಒಂದೇ ಸಮನೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಕಾರವಾರದ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರಿಗೆ ನಡಿಗೆ ಬೇಕು. ನಸುಕಿನಲ್ಲಿ ಎದ್ದು ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವರಿಗೆ ಬೇಕಾದ್ದು ನಿದ್ದೆ, ಹೊತ್ತಿಗೆ ಊಟ. ಅವರಿಗೆ ‘ದಿನಾ ವಾಕಿಂಗ್ ಮಾಡಿ’ ಎನ್ನುವ ವೈದ್ಯರು ಎದುರಿಗೆ ಕೂತವರ ಕಾಲು ನೋಡಿಲ್ಲ.

ಬೇರು, ತೊಗಟೆ, ಉಪ್ಪಾಗೆ

ಇದು ಪ್ರಕೃತಿ ಚಿಕಿತ್ಸೆಯೊಳಗೆ ಬರುವುದಿಲ್ಲವಾದರೂ ಅದರ ಹೆಸರಿನಲ್ಲೇ ಮಾರಾಟವಾಗುತ್ತದೆ.

ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಮಳೆಗಾಲಕ್ಕೆ ಹಣ್ಣಾಗುವ ಉಪ್ಪಾಗೆ ಎಂಬ ಹುಳಿಕಾಯನ್ನು ಹೆಕ್ಕಿ, ಸಿಪ್ಪೆ ಬಿಡಿಸಿ, ಹೊಗೆ ಅಟ್ಟದ ಮೇಲೆ ಒಣಗಿಸಿ ವ್ಯಾಪಾರಿಗೆ ಕೊಡುವುದು ನಮಗೆ ಗೊತ್ತಿರುವ ಕಸುಬು. ಬೀಜದ ತುಪ್ಪ ಹಳಬರ ಮನೆಯಲ್ಲಿ ಈಗಲೂ ಇದೆ. ಆ ಸಿಪ್ಪೆ ಹೋಗುವುದು ತೂಕ ಇಳಿಸುವ ಮಾತ್ರೆಗೆ. ‘ಗಾರ್ಸಿನಿಯಾ ಕಂಬೋಜಿಯಾ’ ಎಂದು ಡಬ್ಬಿಯ ಮೇಲೆ ಬರೆದು, ನಾವು ಮಾರಿದ್ದಕ್ಕಿಂತ ಎಷ್ಟೋ ಪಟ್ಟು ದರಕ್ಕೆ ನಮಗೇ ವಾಪಸ್ ಬರುತ್ತದೆ, ಈಗ ‘ಪಿಸಿಒಎಸ್‌ಗೆ ನೈಸರ್ಗಿಕ ಪರಿಹಾರ’ ಎಂಬ ಚೀಟಿ ಅಂಟಿಸಿಕೊಂಡು. ತೂಕ ಇಳಿಸುವಲ್ಲಿ ಅದರ ಪ್ರಭಾವ ತೀರ ಅಲ್ಪ. ಸತ್ವವನ್ನು ಗಟ್ಟಿ ಮಾಡಿ ಮಾತ್ರೆಯಾಗಿ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಸಾರಿಗೆ ಎರಡು ಚೂರು ಹುಳಿ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಸಾರು ನಿರಾತಂಕವಾಗಿ ಉಣ್ಣಿ.

ಅಶೋಕದ ತೊಗಟೆ ಹೆಚ್ಚು ಸ್ರಾವಕ್ಕೆ ಆಯುರ್ವೇದದ ಹಳೆಯ ಔಷಧ. ತೊಡಕು ಎಲ್ಲಿದೆಯೆಂದರೆ, ನಿಜವಾದ ಸೀತಾ ಅಶೋಕ ಈಗ ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. ಪೇಟೆಗೆ ಬರುವ ತೊಗಟೆಯಲ್ಲಿ ರಸ್ತೆಬದಿ, ಶಾಲೆಯಂಗಳಗಳಲ್ಲಿ ಕಂಬದಂತೆ ಬೆಳೆಯುವ ಬೇರೆಯೇ ಜಾತಿಯ ‘ಅಶೋಕ’ದ ಕಲಬೆರಕೆ ವ್ಯಾಪಕ. ನೀವು ಕುದಿಸುತ್ತಿರುವುದು ಯಾವುದೆಂದು ಮನೆಯಲ್ಲಿ ಗುರುತಿಸಲಾಗದು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೂ ತೊಂದರೆ ಕೊಟ್ಟಿದೆ, ಗರ್ಭಿಣಿಗೆ ಸಲ್ಲದು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಹಲವು ಮಕ್ಕಳ ತಾಯಿ ಬೇರು, ಅಂದರೆ ಶತಾವರಿ, ಹಾಲೂಡಿಸುವವರಿಗೆ ಕೊಡುವ ರೂಢಿ ಹಳೆಯದು, ಆದರೆ ಮನುಷ್ಯರ ಮೇಲಿನ ದೊಡ್ಡ ಅಧ್ಯಯನಗಳು ಕಡಿಮೆ. ಇವು ಬೇಕೆನಿಸಿದರೆ ಬಿಎಎಂಎಸ್ ವೈದ್ಯರನ್ನು ಕಂಡು, ಬೇರೆ ಮಾತ್ರೆಗಳ ಪಟ್ಟಿ ತೋರಿಸಿ ತೆಗೆದುಕೊಳ್ಳಿ.

ಸೋರೆಕಾಯಿ ರಸ ಕುಡಿಯುವವರಿಗೆ ಒಂದೇ ಮಾತು: ಕಹಿಯಿದ್ದರೆ ಚೆಲ್ಲಿಬಿಡಿ. ಕಹಿ ಸೋರೆ ವಿಷ. ಅದನ್ನು ಕುಡಿದು ಜನ ಸತ್ತಿದ್ದಾರೆ.

ಯಾವ ತೊಂದರೆಗೆ ಯಾವ ದಾರಿ

ಪಿಸಿಒಎಸ್ ಇದ್ದು ತೂಕವೂ ಹೆಚ್ಚಿದ್ದರೆ ಪ್ರಕೃತಿ ಚಿಕಿತ್ಸೆಯ ಆಹಾರ, ವ್ಯಾಯಾಮದ ಶಿಸ್ತು ನಿಜಕ್ಕೂ ಮೊದಲ ಚಿಕಿತ್ಸೆ, ಸ್ತ್ರೀರೋಗ ತಜ್ಞರೂ ಅದನ್ನೇ ಹೇಳುತ್ತಾರೆ. ದೇಹತೂಕದ ಶೇಕಡಾ 5ರಿಂದ 10 ಇಳಿದರೂ ಹಲವರಲ್ಲಿ ಮುಟ್ಟು ಹಳಿಗೆ ಬರುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಆದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುತ್ತದೆ, ಅದಕ್ಕೆ ಔಷಧ ಬೇಕಾಗಬಹುದು. ‘ಪಥ್ಯ ಮಾಡುತ್ತಿದ್ದೇನಲ್ಲ’ ಎಂದು ಆರು ತಿಂಗಳು ಸುಮ್ಮನಿರಬಾರದು. ತೆಳ್ಳಗಿರುವವರಿಗೆ ಉಪವಾಸ ಬೇಡವೇ ಬೇಡ.

ಥೈರಾಯ್ಡ್ ಕುಂದಿದವರಿಗೆ ಪ್ರಕೃತಿ ಚಿಕಿತ್ಸೆ ಪೂರಕ ಮಾತ್ರ. ಗ್ರಂಥಿ ಹಾರ್ಮೋನ್ ತಯಾರಿಸದಿದ್ದಾಗ ಅದನ್ನೇ ಹೊರಗಿನಿಂದ ಕೊಡಬೇಕು, ಆ ಮಾತ್ರೆ ನಿಲ್ಲಿಸಲು ಹೇಳುವವರನ್ನು ನಂಬಬೇಡಿ. ಮಾತ್ರೆಯನ್ನು ಬರೀ ನೀರಿನಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಎದ್ದ ಕೂಡಲೇ ಕಾಫಿಯ ಜೊತೆ ನುಂಗಿ ‘ಗುಣವೇ ಇಲ್ಲ’ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ.

ಮುಟ್ಟಿನ ನೋವಿಗೆ ಮನೆಮದ್ದು ನಿಜಕ್ಕೂ ಕೆಲಸ ಮಾಡುತ್ತದೆ. ಕಿಬ್ಬೊಟ್ಟೆಗೆ ಬಿಸಿ ಶಾಖ ನೋವಿನ ಮಾತ್ರೆಯಷ್ಟೇ ಫಲ ಕೊಟ್ಟದ್ದು ಅಧ್ಯಯನಗಳಲ್ಲಿ ಕಂಡಿದೆ. ಶುಂಠಿಗೂ ಯೋಗಾಸನಕ್ಕೂ ಸಾಕಷ್ಟು ಬೆಂಬಲವಿದೆ. ಶಾಲೆ, ಕೆಲಸ ತಪ್ಪಿಸುವಷ್ಟು ನೋವು ತಿಂಗಳು ತಿಂಗಳೂ ಬರುತ್ತಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ಕಾಯಿಲೆ, ಇದೆಯೇ ಎಂದು ನೋಡಿಸಿ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬುದು ಚಿಕಿತ್ಸೆಯಲ್ಲ.

ಮುಟ್ಟು ನಿಲ್ಲುವ ಕಾಲದ ಬೆವರು, ಉರಿಗೆ ಅತಿ ಪರಿಣಾಮಕಾರಿಯಾದದ್ದು ಹಾರ್ಮೋನ್ ಚಿಕಿತ್ಸೆಯೇ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇಲ್ಲದ, ಅರುವತ್ತು ದಾಟದ ಹೆಚ್ಚಿನವರಿಗೆ ಅದರಿಂದ ತೊಂದರೆಗಿಂತ ಪ್ರಯೋಜನ ಹೆಚ್ಚು. ಅದು ಬೇಡವೆನ್ನುವವರಿಗೆ ತೂಕ ಇಳಿಸುವುದು, ಸೋಯಾ, ರಾತ್ರಿ ಗಾಳಿಯಾಡುವ ಕೋಣೆ, ತೆಳು ಹತ್ತಿ ಬಟ್ಟೆ ಒಂದಿಷ್ಟು ನೆರವಾಗುತ್ತವೆ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಖೆಯಲ್ಲಿ ಎಷ್ಟರಮಟ್ಟಿಗೆ ಎಂದು ಕೇಳಿದರೆ, ಅಷ್ಟಕ್ಕಷ್ಟೆ. ಮೂಳೆಗೆ ರಾಗಿ ಒಳ್ಳೆಯದು, ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹೆಚ್ಚು ಸ್ರಾವವೆಂದು ಗರ್ಭಕೋಶ ತೆಗೆಸಲು ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನು ಕಾಣದೆ ಒಪ್ಪಬೇಡಿ. ಮಾತ್ರೆಗಳು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮುಂತಾದ ಹಾದಿಗಳು ಅದಕ್ಕೂ ಮೊದಲು ಇವೆ.

ಹತ್ತಿರದವರೇ ಏಕೆ

ಇದು ದೂರದ ಖ್ಯಾತಿಗಿಂತ ಮರುಭೇಟಿಯಿಂದ ಫಲ ಕೊಡುವ ಚಿಕಿತ್ಸೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ನೋಡಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ಹೆಸರೇ ಹೇಳುವಂತೆ ಮೂರು ತಿಂಗಳಿಗೆ ಬದಲಾಗುತ್ತದೆ. ಮುಟ್ಟಿನ ಲಯ ತಿಳಿಯಲೂ ಅಷ್ಟು ಕಾಲ ಬೇಕು. ಹದಿನೈದು ದಿನಕ್ಕೊಮ್ಮೆ ಕಂಡು ಮಾತಾಡಬಲ್ಲ ವೈದ್ಯರು ಶಿರಸಿಯಲ್ಲೋ ಕುಮಟೆಯಲ್ಲೋ ಇದ್ದರೆ ಅವರೇ ಮೇಲು. ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಅಡ್ಡಿಯೂ ಇಲ್ಲ. ‘ಇಪ್ಪತ್ತೊಂದು ದಿನದಲ್ಲಿ ಗ್ಯಾರಂಟಿ’ ಎನ್ನುವವರ ಲೆಕ್ಕ ಈ ಕಾಲಮಾನಕ್ಕೆ ಹೊಂದುವುದೇ ಇಲ್ಲ.

ಮೊದಲ ಭೇಟಿಗೆ ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ತಾರೀಕುಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳ ಹೆಸರು, ಹಳೆಯ ವರದಿಗಳು, ಮೂರು ದಿನ ಏನೇನು ತಿಂದಿರೆಂಬ ಪಟ್ಟಿ ಜೊತೆಗಿರಲಿ. ಪಟ್ಟಿಯಲ್ಲಿ ಕವಳವನ್ನೂ, ಅಂದರೆ ಎಲೆಯಡಿಕೆಯನ್ನೂ ಬರೆಯಿರಿ, ಎಷ್ಟು ಸಲ ಎಂಬುದನ್ನೂ.